ಪೇಟಿವಿಮಾ ಮೀಮಾಂಸೆ

ಮಾನ್ವಿ ಸೀಮೆಯ ಹಿರೇಕೊಟ್ನೆಕಲ್ಲಿನಲ್ಲಿ ಹಾರ್ಮೋನಿಯಂ ಎಂಬ ವಸ್ತುವಿಲ್ಲ; ಇರುವುದು ಪೇಟಿ. ಈ ಪೇಟಿ ಗೃಹವಿಮೆಯೊಳಗೆ ಸೇರುವುದೋ ಸೇರದೋ ಎಂಬ ಪ್ರಶ್ನೆಯನ್ನು ಪೂರ್ವಾಚಾರ್ಯರು ಯಾರೂ ಎತ್ತಿಕೊಂಡಿಲ್ಲ. ಅವರ ಕಾಲಕ್ಕೆ ಪೇಟಿ ಇರಲಿಲ್ಲ ಎಂಬುದು ಒಂದು ಕಾರಣ. ಅವರಿಗೆ ಗೃಹದ ಮೇಲೆ ಆಸೆ ಇರಲಿಲ್ಲ ಎಂಬುದು ಎರಡನೆಯದು. ಚೀಕಲಪರ್ವಿಯಲ್ಲಿ ತುಂಗಭದ್ರೆಯ ದಂಡೆಗೆ ಕೂತ ವಿಜಯದಾಸರು, ದೇವದುರ್ಗದ ಕಡೆಯ ಮೊಸರುಕಲ್ಲಿನ ಗೋಪಾಲದಾಸರು, ಬ್ಯಾಗವಾಟದ ಜಗನ್ನಾಥದಾಸರು, ಈ ಮೂವರ ವಾದ್ಯಸಂಪತ್ತು ತಂಬೂರಿ, ತಾಳ, ಚಿಟಿಕೆಗೆ ಮುಗಿಯುತ್ತಿತ್ತು. ತಂಬೂರಿ ಹೆಗಲ ಮೇಲಿರುತ್ತಿತ್ತು. ಹೆಗಲನ್ನು ಗೃಹವೆಂದು ಒಪ್ಪಿಕೊಳ್ಳುವ ಕಂಪನಿ ಆಗ ಹುಟ್ಟಿರಲಿಲ್ಲ, ಈಗಲೂ ಹುಟ್ಟಿಲ್ಲ.

ಮೊದಲು ಭೇದವಿಚಾರ. ಮಧ್ವಮತದ ಪಂಚಭೇದಗಳಲ್ಲಿ ಜೀವಕ್ಕೂ ಜಡಕ್ಕೂ ಇರುವ ಭೇದ ಒಂದು. ಭಾರತ ಸರ್ಕಾರ ಇದನ್ನು ಯಾವ ತಕರಾರೂ ಇಲ್ಲದೆ ಒಪ್ಪಿಕೊಂಡಿದೆ: 1956ರಲ್ಲಿ ಜೀವಕ್ಕೊಂದು ನಿಗಮ ಮಾಡಿತು, ಜಡವನ್ನು 1973ರಲ್ಲಿ ನಾಲ್ಕು ಕಂಪನಿಗಳಿಗೆ ಹಂಚಿಕೊಟ್ಟಿತು. ತೊಡಕು ಬರುವುದು ಪೇಟಿಯಲ್ಲಿ. ಅದು ಉಸಿರಾಡುತ್ತದೆ. ತಿದಿ ಒತ್ತಿದರೆ ಉಸಿರು, ಬಿಟ್ಟರೆ ಮೌನ, ಮಳೆಗಾಲದಲ್ಲಿ ಗೊರಗೊರ. ಇದನ್ನು ಜಡವೆಂದರೆ ಭಜನೆಯವರು ಒಪ್ಪುವುದಿಲ್ಲ, ಜೀವವೆಂದರೆ ವಯಸ್ಸಿನ ದಾಖಲೆ ಕೇಳುತ್ತಾರೆ. ಬಸವಣ್ಣನವರಂತೂ ತಮ್ಮ ದೇಹವನ್ನೇ ವಾದ್ಯ ಮಾಡಿಕೋ ಎಂದು ಕೂಡಲಸಂಗನಿಗೆ ಬೇಡಿಕೊಂಡವರು. ಆ ವಾದ್ಯದ ಕ್ಲೇಮು ಯಾವ ಕಚೇರಿಗೆ ಹೋಗಬೇಕೆಂಬುದು ಎಂಟುನೂರು ವರ್ಷ ಕಳೆದರೂ ಇತ್ಯರ್ಥವಾಗಿಲ್ಲ. ಈ ಸೀಮೆಯಲ್ಲಿ ಕಾಗದಪತ್ರವಿಲ್ಲದೆ ಇತ್ಯರ್ಥವಾದ ಕ್ಲೇಮು ನನಗೆ ತಿಳಿದಂತೆ ಒಂದೇ. ಗೋಪಾಲದಾಸರು ತಮ್ಮ ಆಯುಸ್ಸಿನ ನಲವತ್ತು ವರ್ಷವನ್ನು ಜಗನ್ನಾಥದಾಸರಿಗೆ ಧಾರೆ ಎರೆದರೆಂದು ದಾಸಪರಂಪರೆ ಹೇಳುತ್ತದೆ. ನಾಮಿನಿ ಇಲ್ಲ, ಸರ್ವೇಯರ್ ಇಲ್ಲ. ಆದರೆ ಅದು ಜೀವದ ಬಾಬತ್ತು, ಇಲ್ಲಿಗೆ ಅಪ್ರಸ್ತುತ.

ಅಪಾಯಕ್ಕೆ ದರ ಕಟ್ಟುವ ವಿದ್ಯೆಯನ್ನು ನಮ್ಮ ಸೀಮೆಗೆ ಲಂಡನ್ನಿನವರು ಕಲಿಸಬೇಕಾಗಿರಲಿಲ್ಲ. ಕಾಡು ಹಾಯುವ ವರ್ತಕನ ಸಾಲಕ್ಕೆ ತಿಂಗಳಿಗೆ ನೂರಕ್ಕೆ 10, ಕಡಲು ದಾಟುವವನಿಗೆ 20 ಬಡ್ಡಿ ಎಂದು ಯಾಜ್ಞವಲ್ಕ್ಯಸ್ಮೃತಿ ಹೇಳುತ್ತದೆ. ಅದಕ್ಕೆ ಮಿತಾಕ್ಷರಾ ಬರೆದ ವಿಜ್ಞಾನೇಶ್ವರ ಕಲಬುರಗಿ ಕಡೆಯ ಮರ್ತೂರಿನವನು; ಅಸಲೇ ಮುಳುಗುವ ಭಯವಿರುವುದರಿಂದ ಈ ದರ ಎಂದು ಅರ್ಥ ಬಿಡಿಸಿದ್ದಾನೆ. ಹಿರೇಕೊಟ್ನೆಕಲ್ಲಿನಿಂದ ಕವಿತಾಳಕ್ಕೆ ಟಂಟಂನಲ್ಲಿ ಹದಿನಾಲ್ಕು ಜನರ ತೊಡೆಯ ಮೇಲೆ ಪೇಟಿ ಒಯ್ದರೆ ನೂರಕ್ಕೆ ಎಷ್ಟು ಎಂಬುದಕ್ಕೆ ಮಾತ್ರ ಆತ ಬಾಯಿ ಬಿಟ್ಟಿಲ್ಲ.

ಈಗ ಮೂಲಗ್ರಂಥ. 2021ರ ಏಪ್ರಿಲ್ 1ರಿಂದ ‘ಭಾರತ ಗೃಹ ರಕ್ಷಾ’ ಎಂಬ ಪಾಲಿಸಿ ಜಾರಿಯಲ್ಲಿದೆ. ಯಾವ ಕಂಪನಿ ಮಾರಿದರೂ ಪಾಠ ಒಂದೇ, ಪಾಠಾಂತರವಿಲ್ಲ. ಮನೆಯ ಕಟ್ಟಡಕ್ಕೆ ವಿಮೆ ಮಾಡಿಸಿದರೆ ಆ ಮೊತ್ತದ ಶೇ. 20ರಷ್ಟು, 10 ಲಕ್ಷ ಮೀರದಂತೆ, ಮನೆಯೊಳಗಿನ ಸಾಮಾನಿಗೂ ತಾನಾಗಿ ರಕ್ಷಣೆ ಸಿಗುತ್ತದೆ. ಪಟ್ಟಿ ಕೊಡಬೇಕಿಲ್ಲ. 5 ಲಕ್ಷದ ಮನೆಯಾದರೆ ಒಂದು ಲಕ್ಷದ ಸಾಮಾನು. ಅದರೊಳಗೆ ಕೊಡ, ಮಂಚ, ಟಿವಿಗಳ ನಡುವೆ ಪೇಟಿಯೂ ಕೂತುಕೊಳ್ಳಬಹುದು. ಇದು ಪೂರ್ವಪಕ್ಷ. ಕೇಳಲು ಹಿತವಾಗಿದೆ, ಎಲ್ಲ ಪೂರ್ವಪಕ್ಷಗಳ ಹಾಗೆ.

ಯಾವ ಅಪಾಯಕ್ಕೆ ರಕ್ಷಣೆ? ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ನೆರೆ, ಗಲಭೆ, ಮುಷ್ಕರ ಪಟ್ಟಿಯಲ್ಲಿವೆ. ನೀರಿನ ಟಾಕಿ ಒಡೆಯುವುದಿದೆ. ಕ್ಷಿಪಣಿ ಪರೀಕ್ಷೆಯೂ ಇದೆ. ಇಲಿ ಇಲ್ಲ. ನಮ್ಮ ಪೇಟಿಯ ತಿದಿಯ ಎಡಮಗ್ಗುಲಿನ ಮಡಿಕೆಯಲ್ಲಿ ಹೆಬ್ಬೆರಳು ತೂರುವಷ್ಟು ತೂತಿದೆ, ಅದರ ಮೇಲೆ ಸೈಕಲ್ ಟ್ಯೂಬಿನ ತೇಪೆಯಿದೆ. ಅದನ್ನು ಕಡಿದದ್ದು ಕ್ಷಿಪಣಿಯೆಂದು ಸಾಧಿಸುವುದಕ್ಕೆ ನನ್ನ ತರ್ಕಶಾಸ್ತ್ರ ಸಾಲದು.

ನೆರೆಯ ಮಾತು ತೆಗೆದುಹಾಕುವಂಥದ್ದಲ್ಲ. 2009ರ ಅಕ್ಟೋಬರಿನಲ್ಲಿ ತುಂಗಭದ್ರೆ ಮಂತ್ರಾಲಯದ ಮಠದೊಳಗೇ ಬಂದಿದ್ದಳು. ಈ ಜಿಲ್ಲೆಯ ಮಣ್ಣಿನ ಮಾಳಿಗೆಗಳು ನೆನೆದು ನೆನೆದು ಕೂತುಬಿಟ್ಟವು. ಕಳವಿಗೂ ಪರಿಹಾರವಿದೆ, ಆದರೆ ಮೇಲಿನ ಯಾವುದಾದರೊಂದು ಅಪಾಯ ಸಂಭವಿಸಿ ಏಳು ದಿನದೊಳಗೆ, ಅದರಿಂದಾಗಿಯೇ, ಕಳವಾಗಬೇಕು. ಅಂದರೆ ಕಳ್ಳನೂ ಸಪ್ತಾಹ ಹಿಡಿಯಬೇಕು. ಎಂಟನೆಯ ದಿನ ಬಂದವನು ಕಂಪನಿಯ ದೃಷ್ಟಿಯಲ್ಲಿ ಕಳ್ಳನೇ ಅಲ್ಲ, ಮಂಗಳಾರತಿಯಾದ ಮೇಲೆ ಬಂದ ಭಕ್ತ.

ಬೆಂಕಿಯ ಬಗ್ಗೆ ಒಂದು ಅಡ್ಡಮಾತು. ಹಲಿಗೆಯನ್ನು ಬೆಂಕಿಗೆ ಹಿಡಿದು ಕಾಯಿಸದೆ ಬಾರಿಸಿದರೆ ಅದು ತೊಯ್ದ ರೊಟ್ಟಿಯ ಹಾಗೆ ಸದ್ದು ಮಾಡುತ್ತದೆ. ಮೊಹರಂನ ಅಲಾಯಿ ಕುಣಿಯ ಪಕ್ಕ ಹುಲ್ಲು ಉರಿಸಿ, ಚರ್ಮ ಬಿಗಿದು ‘ಟಣ್’ ಅನ್ನುವವರೆಗೆ ತಿರುಗಿಸುತ್ತಾರೆ. ಹಳೆಯ ಬೆಂಕಿ ಪಾಲಿಸಿ, ಕಾಯಿಸುವ ಅಥವಾ ಒಣಗಿಸುವ ಕ್ರಿಯೆಯಲ್ಲಿದ್ದ ವಸ್ತು ಅದರಿಂದ ಸುಟ್ಟರೆ ಕೊಡುವುದಿಲ್ಲ ಎಂದು ಸ್ಪಷ್ಟವಾಗಿ ಹೇಳುತ್ತಿತ್ತು. ಹಲಿಗೆಯವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಯಾರೋ ಬರೆದಂತಿದೆ.

ಇನ್ನು ಸಂಶಯ. ಇದೇ ಪಾಲಿಸಿಯ ನಿಷೇಧಭಾಗದಲ್ಲಿ, ಮನೆಯಿಂದ ಬೇರೆ ಜಾಗಕ್ಕೆ ಒಯ್ದ ವಸ್ತುವಿಗೆ ಹಾನಿಯಾದರೆ ಪರಿಹಾರವಿಲ್ಲ ಎಂಬ ವಾಕ್ಯವಿದೆ. ಹಾಗಾದರೆ ಪೇಟಿಯ ಮನೆ ಯಾವುದು? ಶ್ರಾವಣದಲ್ಲಿ ಅದು ಗುಡಿಯಲ್ಲಿರುತ್ತದೆ. ಯಾರಾದರೂ ತೀರಿಕೊಂಡರೆ ರಾತ್ರಿಯಿಡೀ ಅವರ ಅಂಗಳದಲ್ಲಿರುತ್ತದೆ. ಜಾತ್ರೆಗೆ ಪರಸ್ಥಳ, ನಾಟಕದ ತಾಲೀಮಿಗೆ ಶಾಲೆಯ ಪಡಸಾಲೆ. ರಿಪೇರಿಗೆ ರಾಯಚೂರಿಗೆ ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ. ‘ಮನೆ’ ಎಂಬ ಶಬ್ದವೇ ಇಲ್ಲಿ ಅನೇಕಾರ್ಥ: ಕರ್ನಾಟಕ ಸಂಗೀತದವರು ಶ್ರುತಿಯನ್ನು ಎಣಿಸುವುದೇ ಮನೆಯಲ್ಲಿ, ಎರಡು ಮನೆ, ನಾಲ್ಕೂವರೆ ಮನೆ ಎಂದು. ಒಂದು ಗೃಹಕ್ಕೆ ಒಂದು ಪಾಲಿಸಿಯಾದರೆ ಸ್ವತಃ ಪೇಟಿಗೇ ಮೂವತ್ತೊಂಬತ್ತು ಮನೆಗಳಿವೆ, ಅದರಲ್ಲಿ ಮೂರು ಖಾಲಿ ಬಿದ್ದಿವೆ.

ಹೊರಗೆ ಒಯ್ಯುವ ವಸ್ತುಗಳಿಗೆ ‘ಆಲ್ ರಿಸ್ಕ್’ ಎಂಬ ಬೇರೆ ಪ್ರಕರಣ ಉಂಟು. ಒಂದೊಂದನ್ನೂ ಹೆಸರು, ಬೆಲೆ ಸಮೇತ ಬರೆಸಬೇಕು. ಅದನ್ನು ಬರೆಸಿಕೊಳ್ಳಲೆಂದೇ ಒಬ್ಬ ಏಜೆಂಟರು ಒಂದು ಸಂಜೆ ನಮ್ಮ ಗುಡಿಕಟ್ಟೆಗೆ ಬಂದರು. ಆ ಸಂವಾದವನ್ನು ಶಾಸ್ತ್ರಕ್ಕೆ ಉಪಯೋಗವಾಗಲೆಂದು ಇದ್ದ ಹಾಗೇ ಕೊಡುತ್ತೇನೆ.

“ಪೇಟಿ ಯಾರ್ದರೀ?”

“ನಮ್ದು.”

“ನಮ್ದು ಅಂದ್ರ?”

“ಊರಿಂದ್ರೀ ಸರ. ಪಟ್ಟಿ ಎತ್ತಿ ತಂದದ್ದು.”

“ರಸೀದಿ?”

ಪೇಟಿ ನುಡಿಸುವ ಮುತ್ಯಾ ಸ್ವಲ್ಪ ಯೋಚಿಸಿ ಹೇಳಿದ: “ರೊಕ್ಕ ಕೊಟ್ಟೋರು ಆರು ಮಂದಿ, ಉಳಿದೋರು ಜ್ವಾಳ ಕೊಟ್ಟಾರ. ಜ್ವಾಳಕ್ಕ ಎಲ್ಲೀ ರಸೀದಿ ತಮ್ಮಾ?”

ಇಲ್ಲೇ ಸಿದ್ಧಾಂತದ ಬಾಗಿಲು ತೆರೆಯುವುದು. ವಿಮೆಗೆ ‘ವಿಮಾಯೋಗ್ಯ ಹಿತಾಸಕ್ತಿ’ ಬೇಕು. ಹಾಳಾದರೆ ಯಾರಿಗೆ ನಷ್ಟವೋ ಅವರೇ ಮಾಡಿಸಬೇಕು. ಒಂದೂವರೆ ಸೇರು ಜೋಳ ಕೊಟ್ಟವನ ಹಿತಾಸಕ್ತಿ ಎಷ್ಟು? ಏನೂ ಕೊಡದೆ ದಿನಾ ಕೇಳಿಸಿಕೊಳ್ಳುವವನದು? ಪೇಟಿ ನಿಂತರೆ ನಿದ್ದೆ ಬರುವ ಪಕ್ಕದ ಮನೆಯವನದು ಋಣಾತ್ಮಕ ಹಿತಾಸಕ್ತಿಯೆಂದು ಬರೆದುಕೊಳ್ಳಬೇಕೆ? ಆಕಾಶವಾಣಿ 1940ರಲ್ಲಿ ಈ ವಾದ್ಯವನ್ನು ಹೊರಗಟ್ಟಿ ಮೂರು ದಶಕ ಒಳಗೆ ಬಿಟ್ಟುಕೊಳ್ಳಲಿಲ್ಲ. ಅಷ್ಟು ದೊಡ್ಡ ಸಂಸ್ಥೆಗೇ ಹಿತವೆನಿಸದ ವಸ್ತುವಿನಲ್ಲಿ ಹಿರೇಕೊಟ್ನೆಕಲ್ಲಿನ ಭಜನಾ ಮಂಡಳಿಗೆ ಹಿತ ಇದೆಯೆಂದು ಸಾಧಿಸುವ ಹೊಣೆ ಯಾರದು?

ಏಜೆಂಟರು ಒಳ್ಳೆಯವರು. ಯಾರಾದರೂ ಒಬ್ಬರು ತಮ್ಮದೆಂದು ಬರೆದುಕೊಟ್ಟು, ಬೀಗ ಹಾಕಿ ಮನೆಯಲ್ಲಿಟ್ಟರೆ ದಾರಿಯಿದೆ ಎಂದರು. ಕಟ್ಟೆಯ ಮೇಲೆ ಮಾತು ನಿಂತಿತು. ಹಾಗೆ ಬರೆದುಕೊಟ್ಟವನು ನಾಳೆ ಊರಲ್ಲಿ ತಿರುಗಾಡುವುದು ಹೇಗೆ ಎಂಬುದು ಪಾಲಿಸಿಯ ಪಟ್ಟಿಯಲ್ಲಿಲ್ಲದ ಅಪಾಯ.

ಅಷ್ಟರಲ್ಲಿ ಭಜನೆಯ ಹೊತ್ತಾಗಿತ್ತು. ಮುತ್ಯಾ ಗವಸಣಿಗೆ ತೆಗೆದು ತಿದಿ ಒತ್ತಿದ. ಮಧ್ಯಸಪ್ತಕದ ಪಂಚಮ ಒತ್ತದಿದ್ದರೂ ಸುಂಯ್ ಎಂದು ಕೂಗತೊಡಗಿತು. ಅದರ ಹಳೇ ರೋಗ. ಮುತ್ಯಾ ಸುತ್ತ ನೋಡಿ, ಏಜೆಂಟರ ತೊಡೆಯ ಮೇಲಿದ್ದ ಫಾರಮ್ಮಿನ ಮೂಲೆ ಹರಿದು, ನಾಲ್ಕು ಮಡಿಕೆ ಮಾಡಿ, ಮನೆಯ ಸಂದಿಗೆ ತುರುಕಿದ. ಕೂಗು ನಿಂತಿತು. ಹರಿದದ್ದು ಅರ್ಜಿದಾರರ ಸಹಿಯ ಜಾಗ. ಕರಿ ಎರಡರಿಂದ ಎತ್ತಿಕೊಂಡರು. ಏಜೆಂಟರ ಕೈಗೆ ಯಾರೋ ತಾಳ ಕೊಟ್ಟರು. ಅವರು ಎರಡನೆಯ ಪೆಟ್ಟಿಗೆ ತಪ್ಪಿ, ಮೂರನೆಯದಕ್ಕೆ ಸೇರಿಕೊಂಡರು.