ಸೆಕೆಂಡ್ ಹ್ಯಾಂಡ್ ಮೀಮಾಂಸೆ

ಹಳೆಯ ಕಾರಿನ ಯೋಗ್ಯತೆಯನ್ನು ನಿರ್ಣಯಿಸುವ ಶಾಸ್ತ್ರಕ್ಕೆ ಸೂತ್ರಗ್ರಂಥವಿಲ್ಲದಿದ್ದರೂ ಭಾಷ್ಯಕಾರರಿಗೆ ಬರವಿಲ್ಲ, ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಂದ ಹಿಡಿದು ಊರೂರಿನ ಮದುವೆ ಛತ್ರಗಳ ಅಂಗಳದವರೆಗೆ ಇದರ ವಿದ್ವತ್ಸಭೆಗಳು ನಿರಂತರವಾಗಿ ನಡೆಯುತ್ತಿವೆ. ಕುಮಾರಿಲ ಭಟ್ಟನ ಮೀಮಾಂಸಾ ಪಂಥ ಒಪ್ಪಿದ ಆರು ಪ್ರಮಾಣಗಳು, ಅಂದರೆ ಜ್ಞಾನ ಹುಟ್ಟುವ ಆರು ದಾರಿಗಳು, ಈ ಪಂಡಿತರಿಗೆ ಓದದೆಯೇ ಸಿದ್ಧಿಸಿವೆ.

ಮೊದಲನೆಯದಾದ ಪ್ರತ್ಯಕ್ಷವು ಟೈರಿಗೆ ಕಾಲಿನಿಂದ ಒದೆಯುವ ಕ್ರಿಯೆಯಲ್ಲಿ ಆರಂಭವಾಗುತ್ತದೆ. ಇದರಿಂದ ಯಾವ ಜ್ಞಾನವೂ ಹುಟ್ಟದು. ಆದರೂ ಇದು ನಿತ್ಯಕರ್ಮವಾದ್ದರಿಂದ ಬಿಡುವಂತಿಲ್ಲ.

ಶಾಸ್ತ್ರದ ನಿಜವಾದ ವೈಭವವಿರುವುದು ಅನುಮಾನದಲ್ಲಿ. ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿಯಿದೆ ಎಂದು ಊಹಿಸಿದ ಪ್ರಾಚೀನ ತಾರ್ಕಿಕರು ಹೊಗೆಯ ಬಣ್ಣವನ್ನು ವಿಚಾರಿಸಲಿಲ್ಲ; ಆ ಕೊರತೆಯನ್ನು ಗ್ಯಾರೇಜಿನ ಆಚಾರ್ಯರು ತುಂಬಿದ್ದಾರೆ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಪಿಸ್ಟನ್ ರಿಂಗು ಸವೆದು ಎಂಜಿನ್ ಆಯಿಲ್ ಸುಡುತ್ತಿದೆ. ಕಪ್ಪು ಬಂದರೆ ಇಂಧನಕ್ಕೆ ತಕ್ಕಷ್ಟು ಗಾಳಿ ಸಿಗುತ್ತಿಲ್ಲ. ಎಂಜಿನ್ ಬಿಸಿಯಾದ ಮೇಲೂ ದಟ್ಟವಾದ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ನಿನ ಬ್ಲಾಕಿಗೂ ಹೆಡ್ಡಿಗೂ ನಡುವೆ ಕೂರಿಸಿದ ತೆಳುಹಾಳೆ, ಹೋಗಿ ಕೂಲೆಂಟ್ ಒಳಸೇರುತ್ತಿದೆ. ಮಾರುವವನು ಮಾತ್ರ ಮೂರೂ ಬಣ್ಣಗಳಿಗೆ “ಚಳಿಗೆ ಹಾಗೆ ಸಾರ್” ಎಂಬ ಒಂದೇ ಹೇತುವನ್ನು, ಮೇ ತಿಂಗಳಲ್ಲಿಯೂ, ಮಂಡಿಸುತ್ತಾನೆ. ಕೆಎ 19, ಕೆಎ 20 ಎಂಬ ಮಂಗಳೂರು, ಉಡುಪಿಯ ನಂಬರು ಕಂಡೊಡನೆ ಘಟ್ಟದ ಮೇಲಿನವರು ಉಪ್ಪುಗಾಳಿಯನ್ನು ನೆನೆದು ಕಾರಿನಡಿ ತುಕ್ಕು ಹುಡುಕುವುದೂ, ಬೆಂಗಳೂರಿನ ನಂಬರು ಕಂಡ ಕರಾವಳಿಯವರು ಟ್ರಾಫಿಕ್ಕನ್ನು ನೆನೆದು ಕ್ಲಚ್ ಪ್ಲೇಟಿನ ಬಗ್ಗೆ ಕೇಳುವುದೂ ಇದೇ ಪ್ರಮಾಣದ ಪ್ರಯೋಗಗಳು.

ಅರ್ಥಾಪತ್ತಿಯೆಂದರೆ ಕಂಡ ವಿರೋಧವನ್ನು ಕಾಣದ ಸಂಗತಿಯಿಂದ ಬಿಡಿಸುವುದು. ದಪ್ಪಗಿರುವ ದೇವದತ್ತ ಹಗಲು ಉಣ್ಣುವುದಿಲ್ಲವೆಂದರೆ ರಾತ್ರಿ ಉಣ್ಣುತ್ತಾನೆ ಎಂಬುದು ಶಾಸ್ತ್ರದ ಉದಾಹರಣೆ. ಹಾಗೆಯೇ ಮೀಟರು 38,000 ಕಿಲೋಮೀಟರು ತೋರಿಸುತ್ತಿದ್ದು, ಬ್ರೇಕ್ ಪೆಡಲಿನ ರಬ್ಬರು ನುಣ್ಣಗಾಗಿ, ಸ್ಟೀರಿಂಗಿನ ತೊಗಲು ಕಿತ್ತುಬಂದಿದ್ದರೆ, ಕಾರು ರಾತ್ರಿ ಓಡಿದೆಯೆಂದು ಯಾರೂ ಹೇಳರು. ಮೀಟರು ಹಿಂದಕ್ಕೆ ತಿರುಗಿದೆ.

ಉಪಮಾನಕ್ಕೆ ಭಾವಮೈದುನನ ಕಾರು ಸಾಕು. ಅನುಪಲಬ್ಧಿ, ಅಂದರೆ ಇಲ್ಲದಿರುವಿಕೆಯಿಂದ ಬರುವ ಜ್ಞಾನ, ಸರ್ವೀಸ್ ಪುಸ್ತಕ ಸಿಗದಿದ್ದಾಗ ರಿಪೇರಿಯೇ ಬಂದಿಲ್ಲವೆಂದು ಸಾಧಿಸುತ್ತದೆ. ಶಬ್ದಪ್ರಮಾಣದಲ್ಲಿ “ಡಾಕ್ಟರ್ ಓಡಿಸಿದ ಗಾಡಿ” ಎಂಬುದೇ ಮಹಾವಾಕ್ಯ. ಆ ಡಾಕ್ಟರನ್ನು ಕಂಡವರಿಲ್ಲ, ವಾಕ್ಯವನ್ನು ಮೊದಲು ನುಡಿದವರಾರೆಂದೂ ತಿಳಿಯದು.

ಪ್ರಮಾಣಗಳು ಇಷ್ಟಿದ್ದೂ ಪಂಡಿತರಲ್ಲಿ ಒಮ್ಮತವೇಕಿಲ್ಲ ಎಂಬ ಪೂರ್ವಪಕ್ಷಕ್ಕೆ ಉತ್ತರ ‘ರಿಪೇರಿ’ಯ ಲಕ್ಷಣದಲ್ಲಿಯೇ ಇದೆ. ಸ್ವಂತ ಕಾರಿನಲ್ಲಿ ಟೈಮಿಂಗ್ ಬೆಲ್ಟು ತುಂಡಾದರೆ ಅದು ಮೇಂಟೆನೆನ್ಸು, ಸವೆಯುವ ವಸ್ತುವಿನ ಸಹಜ ಧರ್ಮ. ಪರರ ಕಾರಿನಲ್ಲಿ ವೈಪರಿನ ರಬ್ಬರು ಹರಿದರೂ ಅದು ಆ ಕಂಪನಿಯ ಹುಟ್ಟುದೋಷ. ಇದಕ್ಕೆ ಅಲ್ಲಗಳೆಯಲಾಗದ ನಿದರ್ಶನವೆಂದರೆ ಫಿಯೆಟ್ ಮೂಲದ 1248 ಸಿಸಿ ಡೀಸೆಲ್ ಎಂಜಿನ್ನು. ಮಾರುತಿ ಸ್ವಿಫ್ಟ್, ಟಾಟಾ ಇಂಡಿಕಾ ವಿಸ್ಟಾ, ಫಿಯೆಟ್ ಪುಂಟೊ ಮೂರರ ಬಾನೆಟ್ಟಿನ ಕೆಳಗೂ ನೆಲೆಸಿದ್ದು ಅದೇ ಒಂದು ತತ್ತ್ವ, ಭೇದವಿರುವುದು ನಾಮರೂಪಗಳಲ್ಲಿ. ಆದರೂ ಮೂರೂ ಪಂಥದ ಅನುಯಾಯಿಗಳು ತಮ್ಮ ಎಂಜಿನ್ನನ್ನು ಕಲ್ಲೆಂದು ಕೊಂಡಾಡುತ್ತ ಉಳಿದೆರಡನ್ನು ಗ್ಯಾರೇಜಿನ ಗಿರಾಕಿಗಳೆಂದು ನಿಂದಿಸುತ್ತಾರೆ. ಕಾರುಪ್ರೇಮಿಯ ಅಭಿಪ್ರಾಯವು ಕಾರಿನ ವಿಷಯದ್ದಲ್ಲ, ತಾನು ತೆತ್ತ ಹಣದ ಸಮರ್ಥನೆ ಎಂಬುದೇ ಇಲ್ಲಿಯ ಸಿದ್ಧಾಂತ. ಅದೇ ಕಾರನ್ನು ಮಾರಿದ ಮರುದಿನ ಅವನು ಪ್ರತಿಪಕ್ಷವನ್ನು ಸೇರುವುದು ಇದನ್ನು ದೃಢಪಡಿಸುತ್ತದೆ.

ಮಾಲೀಕತ್ವದ ವಿಷಯದಲ್ಲಿ ಮಾತ್ರ ಆರೂ ಪ್ರಮಾಣಗಳು ನಿರುಪಯೋಗಿ. ಕೀಲಿಕೈ ಕೈಸೇರಿದರೂ, ನಿಂಬೆಹಣ್ಣಿನ ಮೇಲೆ ಚಕ್ರ ಹರಿದರೂ, ಆರ್‌ಸಿಯಲ್ಲಿ ಹೆಸರು ಬದಲಾಗುವವರೆಗೆ ಕಾನೂನಿನ ದೃಷ್ಟಿಯಲ್ಲಿ ಕಾರು ಹಳೆಯ ಮಾಲೀಕನದೇ. 1988ರ ಮೋಟಾರು ವಾಹನ ಕಾಯ್ದೆಯಂತೆ, ಕಾರು ರಾಜ್ಯದೊಳಗೇ ಕೈಬದಲಾದರೆ ಮಾರಿದವನು 14 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ಆರ್‌ಟಿಒಗೆ ತಿಳಿಸಬೇಕು. ಅದಕ್ಕೆ ಬೇಕಾದವು ಫಾರಂ 29 ಮತ್ತು ಫಾರಂ 30.