ಥರ್ಡ್ ಪಾರ್ಟಿ ರಾಯರು

ನಮ್ಮ ಬೀದಿಯಲ್ಲಿ ರಾಯರು ಮೂವರಿದ್ದಾರೆ. ಮೈಸೂರಿನ ಕುವೆಂಪುನಗರಕ್ಕೆ ಇದೇನೂ ಹೆಚ್ಚಲ್ಲ. ಗುರುತಿಗೆಂದು ಒಬ್ಬರು ಮೂಲೆಮನೆ ರಾಯರು, ಇನ್ನೊಬ್ಬರು ಶುಗರ್ ರಾಯರು, ಇವರು ಥರ್ಡ್ ಪಾರ್ಟಿ ರಾಯರು. ಇವರ ಗೇಟಿನೊಳಗೆ ಹಳೇ ಪಂಚೆ ಹೊದ್ದು ಮಲಗಿರುವ ಮಾರುತಿ 800ಕ್ಕೆ ಇನ್ಶೂರೆನ್ಸ್ ಇದ್ದ ದಿನಗಳಿಗಿಂತ ಇಲ್ಲದ ದಿನಗಳೇ ಜಾಸ್ತಿ.

“ಥರ್ಡ್ ಪಾರ್ಟಿ ಅಂದ್ರೆ ಯಾರಯ್ಯಾ?” ಎಂದು ಒಂದು ಸಂಜೆ ನನ್ನನ್ನು ಹಿಡಿದುಕೊಂಡರು. “ಒಂದನೇ ಪಾರ್ಟಿ ನಾನು, ಎರಡನೇದು ಕಂಪನಿ. ಮೂರನೆಯವನು ಹುಟ್ಟಿದಾನೋ ಇಲ್ವೋ! ಮುಖ ನೋಡದವನಿಗೋಸ್ಕರ ವರ್ಷಾವರ್ಷ ದುಡ್ಡು ಕಟ್ಟು ಅಂದ್ರೆ? ಸ್ವಂತ ಷಡ್ಡಕನ ಮಗನ ಮುಂಜಿಗೇ 101 ರೂಪಾಯಿ ಕೊಟ್ಟವನು ನಾನು.”

1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ನಿಗೆ ಇರುವ ಚಿಂತೆಯೆಲ್ಲ ಆ ಮುಖ ನೋಡದವನದೇ, ಗುದ್ದಿಸಿಕೊಂಡು ಬೀಳುವವನು ಅವನೇ, ವಿಮೆಯಿಲ್ಲದಿದ್ದರೆ ಪರಿಹಾರಕ್ಕೆ ನೀವು ಮನೆ ಮಾರಬೇಕಾದೀತು ಎಂದೆ. “ನಾನು ಮೂರನೇ ಗೇರು ದಾಟೋದೇ ಇಲ್ವಲ್ಲ” ಎಂದರು.

ರಾಯರು ಖಜಾನೆಯಲ್ಲಿ ಗುಮಾಸ್ತರಾಗಿದ್ದವರು, ಲೆಕ್ಕ ತಪ್ಪುವವರಲ್ಲ. 1000 ಸಿಸಿ ಒಳಗಿನ ಕಾರಿಗೆ 2022ರಲ್ಲಿ ನಿಗದಿಯಾದ ಥರ್ಡ್ ಪಾರ್ಟಿ ಕಂತು 2,094 ರೂಪಾಯಿ, ಮೇಲೆ ಜಿಎಸ್‌ಟಿ. ವಿಮೆಯಿಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲದ ದಂಡ 2,000. “ನೋಡು, ಜಿಎಸ್‌ಟಿ ಬಿಟ್ಟರೂ ಕಾನೂನು ಪಾಲಿಸೋದೇ 94 ರೂಪಾಯಿ ದುಬಾರಿ!” ಎರಡನೇ ಸಲಕ್ಕೆ 4,000 ಆಗುತ್ತದೆ, ಮೂರು ತಿಂಗಳವರೆಗೆ ಜೈಲೂ ಆಗಬಹುದು ಎಂಬುದು ಅವರ ಲೆಕ್ಕದಲ್ಲಿ ಇರಲಿಲ್ಲ.

ಇಷ್ಟಕ್ಕೂ ಸಿಕ್ಕಿಬಿದ್ದರೆ ತಾನೆ? ಪಂಚಾಂಗದಲ್ಲಿ ರಾಹುಕಾಲವಿದ್ದಂತೆ ಅವರ ಡೈರಿಯಲ್ಲಿ ಪೊಲೀಸ್ ಕಾಲವಿತ್ತು. ತಿಂಗಳ ಕೊನೆಯ ವಾರ ವರ್ಜ್ಯ. ಮಧ್ಯಾಹ್ನ ಒಂದೂವರೆಯಿಂದ ಎರಡೂವರೆ, ಪೊಲೀಸರು ಊಟಕ್ಕೆ ಕೂರುವ ಹೊತ್ತು, ಅಮೃತಘಳಿಗೆ. ಮಳೆ ಹನಿಯಿತೋ ಸರ್ವಸಿದ್ಧಿ. ಈರನಗೆರೆ ಬದನೆಕಾಯಿಗೆಂದು ದೇವರಾಜ ಮಾರುಕಟ್ಟೆಗೆ ಹೊರಟರೆ, ಅಗ್ರಹಾರದ ಸರ್ಕಲ್ ತಪ್ಪಿಸಲು ಅವರು ನುಗ್ಗುತ್ತಿದ್ದ ಅಡ್ಡರಸ್ತೆಗಳ ಪೆಟ್ರೋಲಿನಲ್ಲೇ ಒಂದು ಪಾಲಿಸಿ ಬರುತ್ತಿತ್ತು.

ಕೊನೆಗೆ ಅವರನ್ನು ಹಿಡಿದದ್ದು ಪೊಲೀಸರಲ್ಲ, ಕಾರಿನ ವಯಸ್ಸು. 15 ವರ್ಷ ತುಂಬಿ ಆರ್‌ಸಿ ನವೀಕರಣಕ್ಕೆ ಹೋದರೆ ಆರ್‌ಟಿಒ ಕೌಂಟರಿನಲ್ಲಿ ಇನ್ಶೂರೆನ್ಸ್ ಕೇಳಿದರು. ಅದಿಲ್ಲದೆ ಹೊಸ ಗಾಡಿಗೆ ನಂಬರಿಲ್ಲ, ಹಳೆಯದಕ್ಕೆ ಮುಂದಿನ 5 ವರ್ಷದ ಆಯುಷ್ಯವಿಲ್ಲ. ರಾಯರು ಏಜೆಂಟನ ಮುಂದೆ ಕೂತರು.

“ಕ್ಲೇಮೇ ಮಾಡದಿದ್ರೆ ಕೊನೆಗೆ ಎಷ್ಟು ವಾಪಸ್ ಬರುತ್ತಪ್ಪಾ?”

“ಏನೂ ಬರಲ್ಲ ಸಾರ್.”

“ಎಲ್‌ಐಸಿಯಲ್ಲಿ ಬೋನಸ್ ಕೊಡ್ತಾರಲ್ಲಯ್ಯಾ?”

“ಇದರಲ್ಲಿ ದುಡ್ಡು ಬರಬೇಕು ಅಂದ್ರೆ ಯಾರಿಗಾದ್ರೂ ಗುದ್ದಬೇಕು ಸಾರ್. ಅದೂ ಬರೋದು ಅವರಿಗೆ.” ರಾಯರ ಮುಖ ನೋಡಿ ಕನಿಕರವಾಗಿ, “ಓನರ್ ಡ್ರೈವರ್‌ಗೂ 15 ಲಕ್ಷದ ಆಕ್ಸಿಡೆಂಟ್ ಕವರ್ ಇದೆ” ಎಂದ.

“ಹೌದಾ! ಯಾವಾಗ ಕೊಡ್ತಾರೆ?”

ಏಜೆಂಟ್ ನೆಲ ನೋಡಿದ.

ಕಟ್ಟಿದ ದುಡ್ಡು ವಸೂಲಾಗಬೇಡವೇ? ಮೊಬೈಲಿನ ಡಿಜಿಲಾಕರ್‌ನಲ್ಲಿ ತೋರಿಸಿದರೂ ಸಾಕು ಎಂದ ಮಗನನ್ನು ಗದರಿ, ಪಾಲಿಸಿಗೆ ಲ್ಯಾಮಿನೇಷನ್ ಮಾಡಿಸಿ, ತಿಂಗಳ ಕೊನೆಯ ವಾರವೇ, ಹಾಡಹಗಲೇ, ನನ್ನನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟರು. ರಾಮಸ್ವಾಮಿ ವೃತ್ತದಲ್ಲಿ ಪೇದೆ ಬರೀ ಸ್ಕೂಟರುಗಳನ್ನು ಅಡ್ಡಹಾಕುತ್ತಿದ್ದ. ರಾಯರು ಒಂದು ಸುತ್ತು ಹೊಡೆದರು. ಎರಡನೇ ಸುತ್ತಿಗೆ ಹಾರ್ನ್ ಒತ್ತಿದರು. ಮೂರನೇದಕ್ಕೆ ತಾವೇ ಪಕ್ಕಕ್ಕೆ ನಿಲ್ಲಿಸಿ, ಗಾಜು ಇಳಿಸಿ, ಪಾಲಿಸಿಯನ್ನು ಹೊರಗೆ ಚಾಚಿದರು.

ಪೇದೆ ಅದರ ಕಡೆ ನೋಡಲೇ ಇಲ್ಲ.

“ಸೀಟ್ ಬೆಲ್ಟ್ ಎಲ್ಲಿ ಸ್ವಾಮಿ?” ಎಂದ.