ಎಲೆಗೆ ಮಾಫಿ, ಹೂವಿಗೆ ಜೈಲು

(ಅರಳೀಕಟ್ಟೆ. ಸಂಜೆ.)

ಪುಟ್ಟಸ್ವಾಮಿ: ಕೆನಡಾ 2018ರಲ್ಲೇ ಗಾಂಜಾಗೆ ಅನುಮತಿ ಕೊಟ್ಟಾಯ್ತು, ಜರ್ಮನಿ 2024ರಲ್ಲಿ. ನಾವಿನ್ನೂ 1985ರ ಎನ್‌ಡಿಪಿಎಸ್ ಮಾದಕವಸ್ತು ಕಾಯ್ದೆ ಹಿಡ್ಕೊಂಡು ಕೂತಿದ್ದೀವಿ!

ಮೇಷ್ಟ್ರು: ಸಾಮಾನ್ಯ ಕಾಯ್ದೆಯಲ್ಲಪ್ಪ ಅದು. ಒಂದೇ ಗಿಡ, ಹೂವು ಕಿತ್ತರೆ ಗಾಂಜಾ, ಜೈಲು. ಬರೀ ಎಲೆ ಅರೆದರೆ ಭಂಗಿ, ಪ್ರಸಾದ.

ಪುಟ್ಟಸ್ವಾಮಿ: ನಿಸರ್ಗದ ಗಿಡ ಸಾರ್!

ಮೇಷ್ಟ್ರು: ದತ್ತೂರಿ ಏನು ಫ್ಯಾಕ್ಟರೀಲಿ ಮಾಡ್ತಾರಾ?

ಗೌಡ್ರು (ಎಂಎಸ್‌ಐಎಲ್ ಮದ್ಯದ ಮಳಿಗೆಯ ಬಾಟ್ಲಿ ಬಗಲಲ್ಲಿ ಅದುಮಿ): ನಶೆ ಅಂದ್ರೇ ನನಗಾಗಲ್ಲ. ಸೇದೋರ್ನೆಲ್ಲ ಒಳಗೆ ಹಾಕ್ಬೇಕು!

ಪುಟ್ಟಸ್ವಾಮಿ: ಸೇದಿದೋರಿಗೆಲ್ಲ ಹುಚ್ಚು ಹಿಡಿಯುತ್ತಾ?

ಮೇಷ್ಟ್ರು: ಎಲ್ಲರಿಗೂ ಇಲ್ಲ. ಆದರೆ 2019ರ ‘ಲ್ಯಾನ್ಸೆಟ್ ಸೈಕಿಯಾಟ್ರಿ’ ಅಧ್ಯಯನ ನೋಡು: ನಶೆಯ ಅಂಶ ಟಿಎಚ್‌ಸಿ ಶೇ 10 ದಾಟಿದ ಮಾಲು ದಿನಾ ಸೇದೋರಿಗೆ ಸೈಕೋಸಿಸ್ ಅಪಾಯ, ಮುಟ್ಟದವರಿಗಿಂತ ಸುಮಾರು 5 ಪಟ್ಟು. ಹದಿಹರೆಯದಲ್ಲೇ ಶುರು ಹಚ್ಚಿಕೊಂಡರೆ ಇನ್ನೂ ಕಷ್ಟ.

ಪುಟ್ಟಸ್ವಾಮಿ: ನಮ್ಮಜ್ಜ ಸೇದ್ಕೊಂಡೇ 90 ದಾಟಿದ!

ಮೇಷ್ಟ್ರು: ಅಜ್ಜ ಸೇದಿದ್ದು ಹಿತ್ತಲ ಸೊಪ್ಪು. ನಿನ್ನ ಹೈಡ್ರೋ ಗಾಂಜಾ ಅದರ ಮರಿಮಗ, ಸಿಟಿಯಲ್ಲಿ ಓದಿ ಕೆಟ್ಟವನು.

ಗೌಡ್ರು: ಹಾಗಾದ್ರೆ ಬಿಡ್ಬೇಕೋ, ಹಿಡೀಬೇಕೋ?

ಮೇಷ್ಟ್ರು: ಅದೇ ಕಾಯ್ದೇಲಿ 64ಎ ಕಲಂ ಇದೆ. ಸಣ್ಣ ಪ್ರಮಾಣದ ಕೇಸಿನಲ್ಲಿ ಸಿಕ್ಕ ವ್ಯಸನಿ ತಾನಾಗಿ ಚಿಕಿತ್ಸೆಗೆ ಹೋದರೆ ವಿನಾಯಿತಿ.

ಗೌಡ್ರು: ಚಿಕಿತ್ಸೆಯಿಂದ ಅಬಕಾರಿ ಸುಂಕ ಬರುತ್ತಾ?

ಮೇಷ್ಟ್ರು: ಇಲ್ಲ.

ಗೌಡ್ರು: ಮತ್ತೆ ಆ ಕಲಂ ಯಾರು ಓದ್ತಾರೆ, ಬಿಡಿ!